ನಿಜ ಹೇಳಿದವನಿಗೇ ಏಟು ಬಿದ್ದರೆ: ಅಜೈಲ್ ತಯಾರಿಕೆಯಲ್ಲಿ ಜೊತೆಗಾರ ಕಂಪನಿಗಳ ಮಾಹಿತಿ ಹಂಚಿಕೆ

(ಮೈಸೂರಿನಲ್ಲಿ ಸಣ್ಣ ಕೈಗಾರಿಕೆಗಳ ಮಾಲೀಕರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಆಡುಮಾತಿನ ಧಾಟಿ ಅಲ್ಲಲ್ಲಿ ಉಳಿದಿದೆ. ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಹೆಬ್ಬಾಳು, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಕೈಗಾರಿಕಾ ಪ್ರದೇಶಗಳ ಕಡೆಯವರೇ ಇಲ್ಲಿ ಹೆಚ್ಚು ಕಾಣುತ್ತಿದ್ದೀರಿ. ಹಾಗಾಗಿ ನಿಮಗೆಲ್ಲ ಗೊತ್ತಿರುವ ಒಂದು ಫೋನ್ ಕರೆಯಿಂದಲೇ ಶುರು ಮಾಡುತ್ತೇನೆ. ಬುಧವಾರ ಸಂಜೆ ಐದು ಗಂಟೆ. ದೊಡ್ಡ ಕಂಪನಿಯ ಪರ್ಚೇಸ್‌ನವರ ಫೋನು. "ಸಾರ್, ಆ ಹೌಸಿಂಗ್ ಐನೂರು ಪೀಸ್ ಹೇಳಿದ್ವಲ್ಲ, ಎಂಟುನೂರು ಆಗಿದೆ. ಶುಕ್ರವಾರ ಬೆಳಗ್ಗೆ ಗಾಡಿ ಕಳಿಸ್ತೀವಿ. ಆಗುತ್ತಲ್ವಾ?" ಇತ್ತ ಕಡೆಯವರು "ಆಗುತ್ತೆ ಸಾರ್, ಮಾಡ್ತೀವಿ" ಅಂದುಬಿಡುತ್ತಾರೆ. ಆಗುವುದಿಲ್ಲ ಅಂತ ಇವರಿಗೆ ಗೊತ್ತು. ಲೋಹ ಕೊರೆಯುವ ಎರಡು ವಿಎಂಸಿ ಮೆಷಿನ್‌ಗಳಲ್ಲಿ ಒಂದರ ಸ್ಪಿಂಡಲ್, ಅಂದರೆ ಟೂಲ್ ತಿರುಗಿಸುವ ದಂಡ, ಕೆಟ್ಟು ಕೂತಿದೆ. ಇವರು ಹೇಳಿದಷ್ಟು ಕೊಡುವುದಿಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ ಅವರು ಎಂಟುನೂರು ಅಂದದ್ದು. ನಿಜಕ್ಕೂ ಬೇಕಿರುವುದು ಆರುನೂರೈವತ್ತು.

ನಗಬೇಡಿ. ಈ ಒಂದು ನಿಮಿಷದ ಮಾತಿನಲ್ಲಿ ಎರಡೂ ಕಡೆ ಸುಳ್ಳಿದೆ, ಆದರೆ ಇಬ್ಬರೂ ಮೋಸಗಾರರಲ್ಲ. ಸ್ಪಿಂಡಲ್ ಕೆಟ್ಟಿದೆ ಅಂತ ಇವರು ಹೇಳಿದ್ದರೆ ಮುಂದಿನ ತಿಂಗಳ ಆರ್ಡರಿನಲ್ಲಿ ಅರ್ಧ ಬೇರೆ ಶೆಡ್‌ಗೆ ಹೋಗುತ್ತಿತ್ತು. ಆರುನೂರೈವತ್ತು ಸಾಕು ಅಂತ ಅವರು ಹೇಳಿದ್ದರೆ ಕೈಗೆ ಬರುತ್ತಿದ್ದುದು ಐನೂರು. ನಿಜ ಹೇಳಿದವನಿಗೆ ಏಟು ಬೀಳುವ ಹಾಗೆ ವ್ಯವಸ್ಥೆ ಇದೆ, ಅದರೊಳಗೆ ಇಬ್ಬರೂ ಬುದ್ಧಿವಂತರಾಗಿ ನಡೆದುಕೊಂಡಿದ್ದಾರೆ.

ನಾನು ಬಹಳ ಕಾಲ ಖರೀದಿ ಟೇಬಲ್ಲಿನ ಆ ಬದಿಯಲ್ಲೂ ಕೂತಿದ್ದೇನೆ, ಈ ಬದಿಯಲ್ಲೂ ಕೂತಿದ್ದೇನೆ. ಕಂಪನಿಗಳ ನಡುವೆ ಮಾಹಿತಿ ಹರಿಯುತ್ತಿಲ್ಲ ಅಂದ ಕೂಡಲೇ ಪೋರ್ಟಲ್ ಮಾರುವವರು ಬ್ಯಾಗ್ ಹಿಡಿದು ಬರುತ್ತಾರೆ. ಪೋರ್ಟಲ್ ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಿಜ ಹೇಳಿದರೆ ಅದರ ಖರ್ಚು ಯಾರ ತಲೆಗೆ? ಇದಕ್ಕೆ ಉತ್ತರ ಸಿಗದ ಕಡೆ ಎಂಥ ಸಾಫ್ಟ್‌ವೇರ್ ಹಾಕಿದರೂ ಅದೇ ಎಂಟುನೂರು, ಅದೇ "ಆಗುತ್ತೆ ಸಾರ್" ಇನ್ನಷ್ಟು ಬೇಗ ಹರಿದಾಡುತ್ತವೆ, ಅಷ್ಟೆ.

ಅಜೈಲ್ ಮ್ಯಾನುಫ್ಯಾಕ್ಚರಿಂಗ್, ಅಂದರೆ ಬೇಡಿಕೆ ಬದಲಾದ ಹಾಗೆ ಚುರುಕಾಗಿ ಹೊಂದಿಕೊಳ್ಳುವ ತಯಾರಿಕೆ, ಅನ್ನುವ ಹೆಸರು ಚಲಾವಣೆಗೆ ಬಂದದ್ದು 1991ರಲ್ಲಿ, ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅಯಕೋಕ ಸಂಸ್ಥೆ ತಂದ ಒಂದು ವರದಿಯಿಂದ. ಆಗ ಜಪಾನಿನ ಕಾರು ಕಂಪನಿಗಳ ಮುಂದೆ ಅಮೆರಿಕದ ಕಾರ್ಖಾನೆಗಳು ಏದುಸಿರು ಬಿಡುತ್ತಿದ್ದವು. ಒಂದೇ ಕಂಪನಿ ಎಲ್ಲವನ್ನೂ ತಾನೇ ಮಾಡುವ ಕಾಲ ಮುಗಿಯಿತು, ಒಂದು ಅವಕಾಶ ಬಂದಾಗ ಬೇರೆ ಬೇರೆ ಕಂಪನಿಗಳು ಕೂಡಿ ಒಂದೇ ಕಂಪನಿಯ ಹಾಗೆ ಕೆಲಸ ಮಾಡಬೇಕು, ಕೆಲಸ ಮುಗಿದ ಮೇಲೆ ತಮ್ಮ ತಮ್ಮ ದಾರಿ ಹಿಡಿಯಬೇಕು ಎನ್ನುವುದು ಅವರ ಯೋಚನೆ. ಒಬ್ಬರ ವಿನ್ಯಾಸ, ಇನ್ನೊಬ್ಬರ ಡೈ (ಅಚ್ಚು), ಮತ್ತೊಬ್ಬರ ಮೆಷಿನಿಂಗ್, ಮಗದೊಬ್ಬರ ಜೋಡಣೆ. ಕಾಗದದ ಮೇಲೆ ಚೆಂದ. ಆದರೆ ನಿನ್ನೆ ಪರಿಚಯವಾದವರ ಜೊತೆ ಇವತ್ತು ಡ್ರಾಯಿಂಗ್, ಸಾಮರ್ಥ್ಯ, ಖರ್ಚು, ತೊಂದರೆ ಎಲ್ಲ ಹಂಚಿಕೊಳ್ಳಬೇಕು. ನಾಳೆ ಅವರೇ ನಿಮ್ಮ ಪ್ರತಿಸ್ಪರ್ಧಿ ಆಗಬಹುದು. ಗಂಟು ಬಿದ್ದಿರುವುದು ಇಲ್ಲಿ.

ಮೈಸೂರಿಗೆ ಇದು ಪೂರ್ತಿ ಹೊಸದೇನಲ್ಲ. ಯಾದವಗಿರಿಯ ಐಡಿಯಲ್ ಜಾವಾದಲ್ಲಿ ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ತಾಂತ್ರಿಕ ಸಹಯೋಗದಿಂದಲೇ ಬೈಕು ತಯಾರಾಗುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಬಿಇಎಂಎಲ್, ಆಟೊಮೋಟಿವ್ ಆಕ್ಸಲ್ಸ್‌ನಂಥ ದೊಡ್ಡ ಕಾರ್ಖಾನೆಗಳಿರುವ ಊರಿನಲ್ಲಿ ಒಂದು ಬಿಡಿಭಾಗ ಎಷ್ಟು ಶೆಡ್ ಸುತ್ತಿ ಬರುತ್ತದೆ ಅಂತ ನಾನು ಹೇಳಬೇಕಿಲ್ಲ. ಫೋರ್ಜಿಂಗ್ ಒಂದು ಕಡೆ, ಟರ್ನಿಂಗ್ ಇನ್ನೊಂದು ಕಡೆ, ಹೀಟ್ ಟ್ರೀಟ್‌ಮೆಂಟ್ ಮತ್ತೊಂದು ಕಡೆ, ಗ್ರೈಂಡಿಂಗ್‌ಗೆ ವಾಪಸ್, ಆಮೇಲೆ ಪ್ಲೇಟಿಂಗ್. ಪ್ರತಿ ಸಲವೂ ಒಂದು ಚಲನ್. ಜಾಬ್ ವರ್ಕ್‌ಗೆ, ಅಂದರೆ ಬೇರೆಯವರ ಕೈಯಲ್ಲಿ ಕೆಲಸ ಮಾಡಿಸಲು, ಕಳಿಸಿದ ಸರಕು ಒಂದು ವರ್ಷದೊಳಗೆ ವಾಪಸ್ ಬರಬೇಕು ಅಂತ ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಹೇಳುತ್ತದೆ. ಅದರ ಲೆಕ್ಕ ನಾವು ತಪ್ಪದೆ ಇಡುತ್ತೇವೆ. ತಮಾಷೆ ನೋಡಿ, ಯಾವ ಲಾರಿಯಲ್ಲಿ ಏನು ಹೊರಟಿತು ಅಂತ ಇ-ವೇ ಬಿಲ್ಲಿನ ಮೂಲಕ ಸರ್ಕಾರಕ್ಕೆ ತಿಳಿಯುತ್ತೆ. ಆ ಸರಕಿಗಾಗಿ ಮೆಷಿನ್ ಖಾಲಿ ಇಟ್ಟುಕೊಂಡು ಕಾಯುತ್ತಿರುವ ಗ್ರೈಂಡಿಂಗ್‌ನವನಿಗೆ ತಿಳಿಯುವುದಿಲ್ಲ. ಸರ್ಕಾರಕ್ಕೆ ಹೇಳದಿದ್ದರೆ ದಂಡ. ಗ್ರೈಂಡಿಂಗ್‌ನವನಿಗೆ ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಅವನೊಬ್ಬನಿಗೆ ಬಿಟ್ಟು.

ಬೇಡಿಕೆಯ ಮಾಹಿತಿಯಿಂದ ಶುರು ಮಾಡೋಣ. ಅಂಗಡಿಯಲ್ಲಿ ಮಾರಾಟ ಸ್ವಲ್ಪ ಅಲ್ಲಾಡಿದರೆ ಸಗಟು ವ್ಯಾಪಾರಿಯ ಆರ್ಡರ್ ಅದಕ್ಕಿಂತ ಹೆಚ್ಚು ಅಲ್ಲಾಡುತ್ತದೆ, ಕಾರ್ಖಾನೆಯದು ಇನ್ನೂ ಹೆಚ್ಚು, ಕಾರ್ಖಾನೆಗೆ ಕಚ್ಚಾ ಮಾಲು ಕೊಡುವವನದು ವಿಪರೀತ. ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಡೈಪರ್ ವ್ಯಾಪಾರದಲ್ಲಿ ಇದನ್ನು ಕಂಡು ತಲೆ ಕೆರೆದುಕೊಂಡರು. ಮಕ್ಕಳು ಒದ್ದೆ ಮಾಡುವುದು ವರ್ಷವಿಡೀ ಒಂದೇ ಸಮ, ಆರ್ಡರ್ ಮಾತ್ರ ಯಾಕೆ ಹೀಗೆ ಕುಣಿಯುತ್ತದೆ? ಹೌ ಲೀ, ಪದ್ಮನಾಭನ್, ವಾಂಗ್ ಎಂಬ ಮೂವರು 1997ರಲ್ಲಿ ಇದಕ್ಕೆ ನಾಲ್ಕು ಕಾರಣ ಕೊಟ್ಟರು. ಪ್ರತಿಯೊಬ್ಬನೂ ತನಗೆ ಬಂದ ಆರ್ಡರನ್ನೇ ಬೇಡಿಕೆ ಅಂದುಕೊಂಡು ಹೊಸ ಅಂದಾಜು ಮಾಡುವುದು, ಆರ್ಡರುಗಳನ್ನು ಗುಡ್ಡೆ ಹಾಕಿ ಒಟ್ಟಿಗೆ ಕೊಡುವುದು, ಬೆಲೆಯ ಏರಿಳಿತ ಮೂರು. ನನಗೆ ನಾಲ್ಕನೆಯದೇ ಮುಖ್ಯ. ಸರಕು ಕಡಿಮೆ ಬೀಳುತ್ತದೆ ಅನ್ನುವ ಭಯ ಹುಟ್ಟಿದಾಗ ಎಲ್ಲರೂ ಬೇಕಾದ್ದಕ್ಕಿಂತ ಜಾಸ್ತಿ ಕೇಳುತ್ತಾರೆ. ಬುಧವಾರದ ಎಂಟುನೂರು ಅದೇ.

ಮಂಡ್ಯದ ಕಡೆಯವರು ಇದ್ದೀರಲ್ಲ, ನಿಮಗೆ ಇದು ಕಬ್ಬಿನಲ್ಲೇ ಗೊತ್ತು. ಕಡಿದ ಕಬ್ಬು ಹೊತ್ತು ಕಳೆದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ಕಾರ್ಖಾನೆ ಅರೆಯುವ ಗತಿಗೆ ಸರಿಯಾಗಿ ಕಟಾವು ನಡೆಯಬೇಕು, ಅದಕ್ಕೇ ಪರ್ಮಿಟ್ ಕೊಟ್ಟು ಕಡಿಸುವ ಪದ್ಧತಿ. 1933ರಲ್ಲಿ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದಾಗಿನಿಂದ ಆ ಜಿಲ್ಲೆಯ ಬದುಕು ಈ ತಾಳಮೇಳದ ಮೇಲೆ ನಿಂತಿದೆ. ಪರ್ಮಿಟ್ ಯಾವಾಗ ಬರುತ್ತದೆ ಅಂತ ಖಚಿತವಾಗಿ ಗೊತ್ತಿದ್ದರೆ ರೈತ ಕಾಯುತ್ತಾನೆ. ಗೊತ್ತಿಲ್ಲದಿದ್ದರೆ? ಕಬ್ಬಿಗೆ ಸೂಲಂಗಿ (ಹೂ) ಬರುವ ಮೊದಲೇ ಆಲೆಮನೆಗೆ ಸಾಗಿಸುತ್ತಾನೆ, ಸಿಕ್ಕಿದ ಬೆಲೆಗೆ. ಕಾರ್ಖಾನೆಯವರು ತಮ್ಮ ಲೆಡ್ಜರ್ ನೋಡಿ "ಇಷ್ಟು ಸಾವಿರ ಟನ್ ಒಪ್ಪಿಗೆ ಇದೆ" ಅಂದುಕೊಂಡಿರುತ್ತಾರೆ, ಗದ್ದೆಯಲ್ಲಿ ಬರೀ ಕೂಳೆ. ಲೆಡ್ಜರು ಸುಳ್ಳಾದದ್ದಕ್ಕೆ ರೈತನನ್ನು ಬೈದು ಏನು ಪ್ರಯೋಜನ? ತನ್ನ ಅರೆಯುವ ದಿನಚರಿಯನ್ನು ಕಾರ್ಖಾನೆ ಮೊದಲು ಹೇಳಬೇಕಿತ್ತು. ಹೇಳಿ, ಆ ಮಾತಿಗೆ ನಿಲ್ಲಬೇಕಿತ್ತು.

ದೊಡ್ಡವರೂ ಇದರಲ್ಲಿ ಬಿದ್ದಿದ್ದಾರೆ. ಇಂಟರ್ನೆಟ್ ಉಪಕರಣ ಮಾಡುವ ಸಿಸ್ಕೊ ಕಂಪನಿ 2001ರಲ್ಲಿ ಸುಮಾರು 220 ಕೋಟಿ ಡಾಲರ್ ಮೌಲ್ಯದ ದಾಸ್ತಾನನ್ನು ಲೆಕ್ಕದಿಂದಲೇ ಹೊಡೆದುಹಾಕಬೇಕಾಯಿತು. ಸರಕು ಸಿಗುತ್ತಿಲ್ಲ ಅಂತ ಗಿರಾಕಿಗಳು ಒಂದೇ ಬೇಡಿಕೆಯನ್ನು ಎರಡು ಮೂರು ಕಡೆ ಬರೆಸಿದ್ದರು. ಆ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಯನ್ನು ಜಗತ್ತೇ ಹೊಗಳುತ್ತಿದ್ದ ಕಾಲ ಅದು. ಒಳಗೆ ಹೋದ ಅಂಕಿಗಳೇ ಊದಿಕೊಂಡಿದ್ದರೆ ಕಂಪ್ಯೂಟರ್ ಏನು ಮಾಡೀತು?

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವ ಕಥೆಗೆ ಬರುತ್ತೇನೆ. 1997ರ ಫೆಬ್ರವರಿ 1, ಶನಿವಾರ ನಸುಕಿನಲ್ಲಿ ಜಪಾನಿನ ಕರಿಯಾ ಎಂಬ ಊರಿನ ಐಸಿನ್ ಸೈಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಪಿ-ವಾಲ್ವ್ ಅಂತ ಒಂದು ಚಿಕ್ಕ ಭಾಗ ತಯಾರಾಗುತ್ತಿತ್ತು. ಹಿಂದಿನ ಚಕ್ರಗಳ ಬ್ರೇಕಿಗೆ ಹೋಗುವ ಒತ್ತಡವನ್ನು ಹದದಲ್ಲಿಡುವ ವಾಲ್ವ್. ಅಂಗೈಯಲ್ಲಿ ಹಿಡಿಸುವಷ್ಟು, ಬೆಲೆಯೂ ಅಲ್ಪ. ಟೊಯೊಟಾಕ್ಕೆ ಬೇಕಾದ ಪಿ-ವಾಲ್ವಿನಲ್ಲಿ ಶೇ. 99ರಷ್ಟು ಅಲ್ಲಿಂದಲೇ ಬರುತ್ತಿತ್ತು. ದಾಸ್ತಾನು ಇಟ್ಟುಕೊಳ್ಳದ ಪದ್ಧತಿಯವರು ನೋಡಿ, ಕೈಯಲ್ಲಿದ್ದದ್ದು ಎರಡು ಮೂರು ದಿನಕ್ಕೂ ಸಾಲದಷ್ಟು. ಮುಂದಿನ ವಾರದ ಮಧ್ಯಕ್ಕೆ ಜಪಾನಿನಲ್ಲಿ ಟೊಯೊಟಾದ ಜೋಡಣಾ ಸಾಲುಗಳು ಬಹುತೇಕ ನಿಂತವು.

ಆಮೇಲೆ ಏನಾಯಿತು ಅನ್ನುವುದು ನಮಗೆ ಮುಖ್ಯ. ಐಸಿನ್ ತನ್ನ ಡ್ರಾಯಿಂಗುಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ಗುಟ್ಟು, ಗುತ್ತಿಗೆ, ರಾಯಲ್ಟಿ ಅಂತ ಕೂರಲಿಲ್ಲ. ಸುಮಾರು 200 ಸಂಸ್ಥೆಗಳು ಕೈ ಹಾಕಿದವು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ, ಕಾರಿನ ಬಿಡಿಭಾಗ ಅಂತ ಒಂದನ್ನೂ ಮಾಡಿರದಿದ್ದ ಕಂಪನಿ, ತನ್ನ ಮಿಲ್ಲಿಂಗ್ ಮೆಷಿನ್ ಮಾರ್ಪಡಿಸಿಕೊಂಡು ವಾಲ್ವ್ ಕೊರೆಯಲು ಕೂತಿತು. ಬೆಂಕಿ ಬಿದ್ದ ನಾಲ್ಕನೆಯ ದಿನಕ್ಕೆ ಒಂದು ಸಣ್ಣ ಕಂಪನಿಯಿಂದ ಮೊದಲ ವಾಲ್ವುಗಳು ಬಂದವು. ವಾರ ಕಳೆದು ಸ್ವಲ್ಪ ದಿನಕ್ಕೆಲ್ಲ ಟೊಯೊಟಾ ಹಳೆಯ ಗತಿಗೆ ಬಂದಿತ್ತು.

ಇದನ್ನು ಒಗ್ಗಟ್ಟಿನ ಕಥೆ ಅಂತ ಮಾಡಿ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಅದರಲ್ಲಿ ಬೇರೆ ಎರಡು ಸಂಗತಿ ದೊಡ್ಡದಾಗಿ ಕಾಣುತ್ತವೆ. ಮೊದಲನೆಯದು, ಡ್ರಾಯಿಂಗ್ ಕೊಟ್ಟರೂ ಕೆಲಸ ಆಗಲಿಲ್ಲ. ಐಸಿನ್‌ನಲ್ಲಿದ್ದದ್ದು ಆ ವಾಲ್ವಿಗೆಂದೇ ಕಟ್ಟಿದ ವಿಶೇಷ ಯಂತ್ರಗಳು. ಸಾಮಾನ್ಯ ಮೆಷಿನಿಂಗ್ ಸೆಂಟರಿನಲ್ಲಿ ಅದನ್ನು ಹೇಗೆ ಮಾಡಬೇಕು ಅನ್ನುವುದು ಐಸಿನ್‌ಗೂ ಗೊತ್ತಿರಲಿಲ್ಲ. ಯಾವ ಮುಖ ಮೊದಲು, ಎಲ್ಲಿ ಹಿಡಿಯಬೇಕು, ಯಾವ ಟೂಲ್, ಎಷ್ಟು ಫೀಡ್ ಎಲ್ಲವನ್ನೂ ಪ್ರತಿ ಶೆಡ್ಡಿನವರು ತಾವೇ ಕಂಡುಕೊಳ್ಳಬೇಕಾಯಿತು. ಕಂಡುಕೊಂಡವರು ಪಕ್ಕದವರಿಗೆ ಹೇಳಿದರು. ಡ್ರಾಯಿಂಗು ಹೇಳುವುದು ಮುಗಿದ ಭಾಗ ಹೇಗಿರಬೇಕು ಅಂತ ಮಾತ್ರ. ಅಲ್ಲಿಗೆ ಮುಟ್ಟುವ ದಾರಿ ಮೆಷಿನ್ ಹೊಂದಿಸುವ ಸೆಟ್ಟರ್‌ನ ತಲೆಯಲ್ಲಿ, ಅವನ ಜೇಬಿನ ಡೈರಿಯಲ್ಲಿ ಇರುತ್ತದೆ. ನಿಮ್ಮಲ್ಲಿ ಎಷ್ಟು ಜನ ಆ ಡೈರಿಯ ಫೋಟೊ ತೆಗೆದಿಟ್ಟಿದ್ದೀರಿ?

ಎರಡನೆಯದು ದುಡ್ಡಿನದು. ಕೈ ಹಾಕುವಾಗ ಯಾರೂ ರೇಟ್ ಕೇಳಲಿಲ್ಲ, ನಿಜ. ಆದರೆ ಐಸಿನ್ ಆ ಖರ್ಚನ್ನೆಲ್ಲ ಕಟ್ಟಿಕೊಟ್ಟಿತು. ಮೇಲಾಗಿ ಟೊಯೊಟಾ ತನ್ನ ಮೊದಲ ಸಾಲಿನ ಪೂರೈಕೆದಾರರಿಗೆ ಆ ತ್ರೈಮಾಸಿಕದಲ್ಲಿ ಅವರು ತನಗೆ ಮಾರಿದ್ದರ ಶೇ. 1ರಷ್ಟನ್ನು ಕೃತಜ್ಞತೆಯಾಗಿ ಕೊಟ್ಟಿತು. ಹೀಗಾಗುತ್ತದೆ ಅಂತ ಅವರಿಗೆಲ್ಲ ಮೊದಲೇ ನಂಬಿಕೆ ಇತ್ತು, ಯಾಕೆಂದರೆ ದಶಕಗಳಿಂದ ಹಾಗೇ ನಡೆದಿತ್ತು. ಗುಟ್ಟು ಬಿಟ್ಟುಕೊಟ್ಟ ಐಸಿನ್‌ಗೂ ನಷ್ಟವಾಗಲಿಲ್ಲ. ಕಾರ್ಖಾನೆ ಮತ್ತೆ ಎದ್ದಾಗ ವಾಲ್ವಿನ ಕೆಲಸ ಅದರ ಕೈಗೇ ವಾಪಸ್ ಬಂತು.

ನಮ್ಮ ತೊಡಕು ಈಗ ಸ್ಪಷ್ಟ. ಟೊಯೊಟಾ ಬಳಗಕ್ಕೆ ದಶಕಗಳ ಒಡನಾಟ ಇತ್ತು. ಅಜೈಲ್ ಅಂದರೆ ಮೂರು ತಿಂಗಳಿಗೆ ಕೂಡಿ ಬಿಡುವ ಜೊತೆ. ಅಷ್ಟು ಕಡಿಮೆ ಕಾಲದಲ್ಲಿ ಆ ನಂಬಿಕೆ ಬೆಳೆಯುವುದಿಲ್ಲ, ಬೆಳೆಯುತ್ತದೆ ಅಂತ ನಟಿಸುವುದೂ ಬೇಡ. ಒಡನಾಟ ಮಾಡುವ ಕೆಲಸವನ್ನು ಕರಾರು ಮಾಡಬೇಕು. ನಮ್ಮಲ್ಲಿ ಕರಾರು ಅಂದರೆ ದೊಡ್ಡ ಕಂಪನಿಯ ವಕೀಲರು ಬರೆದ ಹನ್ನೆರಡು ಪುಟದ ಗೌಪ್ಯತೆ ಒಪ್ಪಂದ. ಅದರಲ್ಲಿ ಸಣ್ಣವನು ಏನೇನು ಬಾಯಿ ಬಿಡಬಾರದು ಅಂತ ಬರೆದಿರುತ್ತದೆ. ಸಣ್ಣವನು ಕೊಟ್ಟ ಮಾಹಿತಿಯನ್ನು ದೊಡ್ಡವನು ಹೇಗೆ ಬಳಸಬಾರದು ಅನ್ನುವುದಕ್ಕೆ ಒಂದು ಸಾಲೂ ಇರುವುದಿಲ್ಲ.

ನನ್ನ ಪ್ರಕಾರ ಇರಬೇಕಾದ ಸಾಲುಗಳು ಇಂಥವು. ಮೆಷಿನ್ ಕೆಟ್ಟಿದೆ ಅಂತ ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸಿದರೆ ತಡವಾದದ್ದಕ್ಕೆ ದಂಡವಿಲ್ಲ, ಮುಚ್ಚಿಟ್ಟರೆ ಪೂರಾ ದಂಡ. ಶೆಡ್ಯೂಲನ್ನು ಇಂತಿಷ್ಟು ದಿನದೊಳಗೆ ಬದಲಿಸಿದರೆ ಅಷ್ಟರಲ್ಲಿ ಕತ್ತರಿಸಿದ ಮಾಲಿನ ಹಣ ಬದಲಿಸಿದವರದು. ಖರ್ಚಿನ ವಿವರ ಕೇಳಿ ಪಡೆದರೆ, ಅದರಿಂದ ಉಳಿದ ಹಣದಲ್ಲಿ ಕೊಟ್ಟವನಿಗೂ ಪಾಲು. ಈ ಮೂರನೆಯದರ ಬಗ್ಗೆ ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. "ನಿಮ್ಮ ಕಾಸ್ಟ್ ಶೀಟ್ ಕೊಡಿ, ಒಟ್ಟಿಗೆ ಕೂತು ಖರ್ಚು ಇಳಿಸೋಣ" ಅಂತ ಕರೆದು, ಆ ಶೀಟ್ ಇಟ್ಟುಕೊಂಡು ಪಕ್ಕದ ಶೆಡ್ಡಿನವನ ಹತ್ತಿರ ಚೌಕಾಸಿ ಮಾಡಿದ ಒಂದು ಖರೀದಿ ವಿಭಾಗವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದಾದ ಮೇಲೆ ಆ ಕಂಪನಿಗೆ ಸಿಕ್ಕಿದ ಕಾಸ್ಟ್ ಶೀಟುಗಳೆಲ್ಲ ಕಥೆ ಕಾದಂಬರಿ. ವಿದ್ಯುತ್ ಖರ್ಚು ಒಬ್ಬೊಬ್ಬರದು ಒಂದೊಂದು ಥರ, ಸ್ಕ್ರ್ಯಾಪ್ ಬೆಲೆ ಎಲ್ಲರದೂ ಸೊನ್ನೆ.

ದುಡ್ಡು ಯಾವಾಗ ಬರುತ್ತದೆ ಅನ್ನುವುದೂ ಮಾಹಿತಿಯೇ ಕಣ್ರೀ. ಅದನ್ನು ಯಾರೂ ಈ ಪಟ್ಟಿಗೆ ಸೇರಿಸುವುದಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಬರಹದಲ್ಲಿ ಒಪ್ಪಂದ ಇದ್ದರೂ ಹಣ ಕೊಡುವುದು 45 ದಿನ ಮೀರುವಂತಿಲ್ಲ. ಆದಾಯ ತೆರಿಗೆಯ 43ಬಿ (ಎಚ್) ನಿಯಮ ಬಂದ ಮೇಲೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚಾಗಿ ತೋರಿಸಲೂ ಆಗುವುದಿಲ್ಲ, ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಇಷ್ಟಾದರೂ ಬಿಲ್ ಎಲ್ಲಿದೆ ಅಂತ ಕೇಳಿದರೆ "ಅಕೌಂಟ್ಸ್‌ನಲ್ಲಿದೆ" ಅನ್ನುವ ಉತ್ತರ. ನಮ್ಮ ಸಾಮರ್ಥ್ಯವನ್ನು ದಿನಾ ಪೋರ್ಟಲ್‌ಗೆ ಹಾಕಿ ಅನ್ನುವ ಕಂಪನಿ, ನಮ್ಮ ಬಿಲ್ ಯಾರ ಮೇಜಿನ ಮೇಲಿದೆ ಅಂತ ಅದೇ ಪೋರ್ಟಲ್‌ನಲ್ಲಿ ತೋರಿಸಲಿ. ಆಗ ನೋಡಿ, ಸ್ಪಿಂಡಲ್ ಕೆಟ್ಟ ಸುದ್ದಿ ತಾನಾಗಿ ಬರುತ್ತದೆ.

ಇನ್ನು ಮಾಹಿತಿಯ ರೂಪ. ಇಬ್ಬರೂ ಪ್ರಾಮಾಣಿಕರಾಗಿದ್ದು, ಹಂಚಿಕೊಂಡೂ ಕೆಡಬಹುದು. ಏರ್‌ಬಸ್‌ನ ಎ380 ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ವೈರಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಯಾರಾದ ವೈರಿನ ಕಟ್ಟುಗಳನ್ನು ಫ್ರಾನ್ಸಿನ ಟುಲೂಸ್‌ನಲ್ಲಿ ವಿಮಾನದೊಳಗೆ ಎಳೆಯಲು ಹೋದರೆ ಅಳತೆ ಸಾಲದೆ ಬಂದವು. ಜರ್ಮನಿಯವರು ಕ್ಯಾಟಿಯಾ ಎಂಬ ವಿನ್ಯಾಸ ಸಾಫ್ಟ್‌ವೇರಿನ 4ನೇ ಆವೃತ್ತಿಯಲ್ಲಿದ್ದರು, ಫ್ರಾನ್ಸಿನವರು 5ನೆಯದರಲ್ಲಿ. ಒಂದರಿಂದ ಇನ್ನೊಂದಕ್ಕೆ ವಿನ್ಯಾಸ ಸರಿಯಾಗಿ ದಾಟಲಿಲ್ಲ. ಬೇರೆ ಕಾರಣಗಳೂ ಇದ್ದವು, ಆದರೆ ವಿಮಾನ ಸುಮಾರು ಎರಡು ವರ್ಷ ತಡವಾಗಿದ್ದಕ್ಕೆ ಇದು ದೊಡ್ಡ ಕಾರಣ. ಅವರು ಬೇರೆ ಬೇರೆ ಕಂಪನಿಯವರೂ ಅಲ್ಲ, ಒಂದೇ ಮನೆಯವರು.

ನಮ್ಮ ಮಟ್ಟದಲ್ಲಿ ಇದೇ ರೋಗ ಡ್ರಾಯಿಂಗಿನ ರಿವಿಷನ್ (ತಿದ್ದಿದ ಆವೃತ್ತಿ) ಆಗಿ ಕಾಣಿಸಿಕೊಳ್ಳುತ್ತದೆ. ಮೇಲ್‌ನಲ್ಲಿ ರಿವಿಷನ್ ಸಿ, ವಾಟ್ಸಾಪ್‌ನಲ್ಲಿ ಡಿ, ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿರುವುದು ಬಿ. ವಾಟ್ಸಾಪ್ ಅನ್ನು ಎಲ್ಲರೂ ಬೈಯುತ್ತಾರೆ, ನಾನು ಬೈಯುವುದಿಲ್ಲ. ತೊಂದರೆಯ ಸುದ್ದಿಗೆ ಅದರಷ್ಟು ಬೇಗ ಮುಟ್ಟುವುದು ಇನ್ನೊಂದಿಲ್ಲ, ಫೋಟೊ ತೆಗೆದು ಹಾಕಿದರೆ ಮುಗಿಯಿತು. ಅಳತೆಯನ್ನು ಮಾತ್ರ ಅದರಲ್ಲಿ ಒಪ್ಪಬೇಡಿ. 3ಡಿ ಮಾದರಿಗಳ ವಿನಿಮಯಕ್ಕೆ ಐಎಸ್‌ಒ 10303 ಅನ್ನುವ ಮಾನಕ 1994ರಿಂದ ಇದೆ. ನೀವು ದಿನಾ ನೋಡುವ ಸ್ಟೆಪ್ ಫೈಲ್ ಅದೇ. ಅದರ ಈಚಿನ 242ನೇ ಭಾಗದಲ್ಲಿ ಆಕಾರದ ಜೊತೆಗೆ ಟಾಲರೆನ್ಸನ್ನೂ, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದನ್ನೂ, ಕಳಿಸಬಹುದು. ಆದರೂ ಹೆಚ್ಚಿನವರು ಮಾಡೆಲ್ ಒಂದು, ಪಿಡಿಎಫ್ ಡ್ರಾಯಿಂಗ್ ಒಂದು ಕಳಿಸುತ್ತಾರೆ. ಎರಡೂ ಹೊಂದದಿದ್ದಾಗ ಯಾವುದು ಅಂತಿಮ? ಪಿಒದಲ್ಲಿ (ಖರೀದಿ ಆದೇಶದಲ್ಲಿ) ಒಂದು ಸಾಲು ಬರೆಸಿಕೊಳ್ಳಿ. ಆ ಒಂದು ಸಾಲಿಲ್ಲದೆ ಗುಜರಿಗೆ ಹೋದ ಲಾಟುಗಳ ಕಥೆ ನಿಮ್ಮ ಹತ್ತಿರವೇ ಬೇಕಾದಷ್ಟಿದೆ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಿ ಅಂತ ನಾನು ಹೇಳುತ್ತಿಲ್ಲ. 2022ರ ಫೆಬ್ರವರಿ ಕೊನೆಯಲ್ಲಿ ಕೊಜಿಮಾ ಇಂಡಸ್ಟ್ರೀಸ್ ಅನ್ನುವ, ಟೊಯೊಟಾದ ಪೂರೈಕೆದಾರ ಕಂಪನಿಯ ಕಂಪ್ಯೂಟರುಗಳ ಮೇಲೆ ದಾಳಿ ನಡೆಯಿತು. ಮಾರ್ಚ್ 1ರಂದು ಟೊಯೊಟಾ ಜಪಾನಿನ ತನ್ನ 14 ಕಾರ್ಖಾನೆಗಳ 28 ಸಾಲುಗಳನ್ನೂ ಒಂದು ದಿನ ನಿಲ್ಲಿಸಬೇಕಾಯಿತು. ಬೆಂಕಿ ಬಿದ್ದಿರಲಿಲ್ಲ, ಭೂಮಿ ನಡುಗಿರಲಿಲ್ಲ. ಜೋಡಿಸಿಕೊಂಡ ಕಂಪ್ಯೂಟರುಗಳಲ್ಲಿ ಒಂದು ಕಡೆ ಬಾಗಿಲು ತೆಗೆದಿತ್ತು. ನಿಮ್ಮ ಕಂಪ್ಯೂಟರ್ ದೊಡ್ಡ ಕಂಪನಿಯ ಜಾಲಕ್ಕೆ ಸೇರಿದ ದಿನದಿಂದ, ನಿಮ್ಮ ಅಕೌಂಟೆಂಟ್ ಹುಡುಗನ ಪಾಸ್‌ವರ್ಡ್ ಅವರ ಸಮಸ್ಯೆಯೂ ಹೌದು.

ಗುಟ್ಟು ಸೋರುವುದಕ್ಕೆ ಹ್ಯಾಕರ್ ಬೇಕೆಂದೂ ಇಲ್ಲ. ಮೈಸೂರಿನಂಥ ಊರಿನಲ್ಲಿ ಇಬ್ಬರು ಪ್ರತಿಸ್ಪರ್ಧಿಗಳ ಭಾಗಗಳು ಒಂದೇ ಹೀಟ್ ಟ್ರೀಟ್‌ಮೆಂಟ್ ಫರ್ನೇಸಿನಲ್ಲಿ ಬೇಯುತ್ತಿರಬಹುದು. ಅಲ್ಲಿನ ರ‍್ಯಾಕ್ ಮೇಲೆ ಕಣ್ಣಾಡಿಸಿದರೆ ಯಾರಿಗೆ ಯಾವ ಆರ್ಡರ್ ಬಂದಿದೆ ಅಂತ ಹೇಳುವ ಕಣ್ಣುಗಳು ಈ ಸಭೆಯಲ್ಲೇ ಇವೆ. ಭಾರತದಲ್ಲಿ ವ್ಯಾಪಾರದ ಗುಟ್ಟಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಅಂಥದ್ದೊಂದು ಬೇಕು ಅಂತ ಕಾನೂನು ಆಯೋಗ 2024ರ ಮಾರ್ಚ್‌ನ ತನ್ನ 289ನೇ ವರದಿಯಲ್ಲಿ ಹೇಳಿದೆ. ಅಲ್ಲಿವರೆಗೆ ನಿಮ್ಮ ಕರಾರೇ ನಿಮಗೆ ದಿಕ್ಕು. ಕೆಲಸ ಮುಗಿದ ಮೇಲೆ ಡ್ರಾಯಿಂಗ್ ಯಾರದು, ಭಾಗವನ್ನು ಹಿಡಿದಿಡುವ ಫಿಕ್ಸ್ಚರ್ ಯಾರದು, ನೀವು ಕಂಡುಹಿಡಿದ ಹಿಡಿತದ ಉಪಾಯ ಯಾರದು, ಎಲ್ಲವನ್ನೂ ಕೂಡುವ ದಿನವೇ ಬರೆಯಬೇಕು. ಬಿಡುವ ದಿನ ಬರೆಯಲು ಕೂತರೆ ಜಗಳ.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ಬ್ಲಾಕ್‌ಚೈನ್ ಬಂದರೆ ಯಾರೂ ಸುಳ್ಳು ಬರೆಯೋಕೆ ಆಗಲ್ಲ ಅಲ್ವಾ?"

ಬ್ಲಾಕ್‌ಚೈನ್ ಅಂದರೆ ಹಲವರು ಹಂಚಿಕೊಂಡು ಬರೆಯುವ ಕಂಪ್ಯೂಟರ್ ಲೆಕ್ಕದ ಪುಸ್ತಕ, ಬರೆದದ್ದನ್ನು ಆಮೇಲೆ ತಿದ್ದೋಕೆ ಆಗಲ್ಲಮ್ಮ. ಮೊದಲೇ ಸುಳ್ಳು ಬರೆದರೆ ಆ ಸುಳ್ಳೇ ಭದ್ರವಾಗಿ ಉಳಿಯುತ್ತೆ. ಹಡಗು ಸಾಗಣೆಯಲ್ಲಿ ಮರ್ಸ್ಕ್ ಅನ್ನುವ ಹಡಗು ಕಂಪನಿ ಮತ್ತು ಐಬಿಎಂ ಸೇರಿ ಟ್ರೇಡ್‌ಲೆನ್ಸ್ ಅಂತ ಒಂದು ಬ್ಲಾಕ್‌ಚೈನ್ ವೇದಿಕೆ ಮಾಡಿದ್ದರು. 2018ರಲ್ಲಿ ದೊಡ್ಡದಾಗಿ ಶುರುವಾಯಿತು, ನಿಲ್ಲಿಸುತ್ತೇವೆ ಅಂತ 2022ರ ನವೆಂಬರ್‌ನಲ್ಲಿ ಅವರೇ ಪ್ರಕಟಿಸಿದರು. ತಂತ್ರಜ್ಞಾನ ಕೆಲಸ ಮಾಡಿತ್ತು, ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಅಂದರು. ಪ್ರತಿಸ್ಪರ್ಧಿಯೊಬ್ಬ ಯಜಮಾನನಾಗಿರುವ ಪುಸ್ತಕದಲ್ಲಿ ತಮ್ಮ ವ್ಯಾಪಾರ ಬರೆಯಲು ಉಳಿದವರಿಗೆ ಮೊದಲಿನಿಂದಲೂ ಹಿಂಜರಿಕೆ ಇತ್ತು. ನೀವು ಪ್ರಾಜೆಕ್ಟ್ ಮಾಡುವುದಾದರೆ ಕೋಡ್ ಬರೆಯುವ ಮೊದಲು ಹೆಬ್ಬಾಳಿಗೆ ಹೋಗಿ ನಾಲ್ಕು ಶೆಡ್ಡಿನವರನ್ನು ಕೇಳಿ, ಆ ಪುಸ್ತಕ ಯಾರ ಕೈಯಲ್ಲಿದ್ದರೆ ನೀವು ನಿಜ ಬರೆಯುತ್ತೀರಿ ಅಂತ.

ಕೂರ್ಗಳ್ಳಿಯಲ್ಲಿ ಮೆಷಿನ್ ಶಾಪ್ ಇಟ್ಟಿರುವ ಮಹನೀಯರೊಬ್ಬರದು ಇನ್ನೊಂದು ಪ್ರಶ್ನೆ: "ಸ್ವಾಮಿ, ನೀವು ಹೇಳೋ ಕರಾರು ಅವರು ಒಪ್ಪೋದು ಯಾವಾಗ? ಅಲ್ಲಿವರೆಗೆ ನಮ್ಮ ಮೆಷಿನ್ ಎಷ್ಟು ಗಂಟೆ ಖಾಲಿ ಇದೆ ಅಂತ ಹೇಳಿದ್ರೆ ನಾಳೆನೇ ರೇಟ್ ಇಳಿಸಿ ಅಂತಾರೆ. ಏನು ಹೇಳೋಣ?"

ಖಾಲಿ ಗಂಟೆ ಹೇಳಲೇಬೇಡಿ. ಅವರಿಗೆ ಅದು ಬೇಕಾಗಿಯೂ ಇಲ್ಲ. ಅವರ ಜೋಡಣೆ ಸಾಲು ಹಾಕಿಕೊಳ್ಳುವ ಲೆಕ್ಕಕ್ಕೆ ಬೇಕಾದ್ದು ಯಾವ ದಿನಕ್ಕೆ ಎಷ್ಟು ಪೀಸು ಖಂಡಿತ ಸಿಗುತ್ತದೆ ಅನ್ನುವುದು ಮಾತ್ರ. ಆದ್ದರಿಂದ ದಿನಾಂಕ ಮತ್ತು ಸಂಖ್ಯೆ ಹೇಳಿ: "ಶುಕ್ರವಾರಕ್ಕೆ ನಾನೂರು, ಸೋಮವಾರ ಮಧ್ಯಾಹ್ನಕ್ಕೆ ಇನ್ನು ಇನ್ನೂರೈವತ್ತು." ಹೇಳಿದ್ದನ್ನು ಬರಹದಲ್ಲಿ ಕಳಿಸಿ, ಒಂದು ಕಾಪಿ ಇಟ್ಟುಕೊಳ್ಳಿ. ಅವರು ಕೊಟ್ಟ ಶೆಡ್ಯೂಲ್, ಕೊನೆಗೆ ನಿಜವಾಗಿ ತೆಗೆದುಕೊಂಡು ಹೋದದ್ದು, ಎರಡನ್ನೂ ಅಕ್ಕಪಕ್ಕ ಬರೆದಿಡಿ. ನೀವು ಕೊಟ್ಟ ಮಾತು, ನೀವು ಕಳಿಸಿದ್ದು, ಅದನ್ನೂ ಬರೆದಿಡಿ. ಆರು ತಿಂಗಳ ಮೇಲೆ ಕರಾರಿನ ಮಾತಿಗೆ ಕೂತಾಗ ಆ ಹಾಳೆಯನ್ನು ಮೇಜಿನ ಮೇಲಿಡಿ. ಅವರು ಎಂಟುನೂರು ಕೇಳಿ ಆರುನೂರೈವತ್ತು ಒಯ್ದದ್ದು ಎಷ್ಟು ಸಲ ಅಂತ ಅವರದೇ ಪ್ಲಾನಿಂಗ್ ವಿಭಾಗಕ್ಕೆ ಗೊತ್ತಿರುವುದಿಲ್ಲ, ಯಾಕೆಂದರೆ ಎಂಟುನೂರು ಮಾಡಿದ್ದು ಪರ್ಚೇಸ್‌ನವರು. ಆ ಹಾಳೆಯಿಂದ ಉಪಯೋಗ ಮೊದಲು ಆಗುವುದು ಅವರಿಗೇ, ದಂಡವಿಲ್ಲದ ಸಾಲಿನ ಮಾತು ಎತ್ತಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಹಾಗೆ ಕೂರುವಾಗ ಪರ್ಚೇಸ್‌ನವರ ಜೊತೆಗೆ ಪ್ಲಾನಿಂಗ್‌ನವರನ್ನೂ ಕರೆಸಿ ಅಂತ ಮೊದಲೇ ಹೇಳಿ. ಆಗಲ್ಲ ಅಂದರೆ, ಆ ಹಾಳೆ ಇಟ್ಟುಕೊಂಡೇ ಮುಂದಿನ ಆರ್ಡರಿಗೆ ಮಾಲು ತರಿಸಿ. ಅವರು ಎಂಟುನೂರು ಅಂದರೆ ನೀವು ಎಷ್ಟು ಪೀಸಿಗೆ ಆಗುವಷ್ಟು ಕಬ್ಬಿಣ ತರಿಸಬೇಕು ಅಂತ ಅದೇ ಹೇಳುತ್ತೆ.